ಸ್ಟಾಕ್‌ಹೋಮಿನಲ್ಲಿ ಟವಲ್ ಹಾಕಿದ ಸೀಟು

ಸ್ಟಾಕ್‌ಹೋಮಿಗೆ ಹೋಗಿಬಂದವಳು ಅಂದರೆ ಊರಿನವರು ಮೊದಲು ಕೇಳುವುದು ಚಳಿಯ ವಿಷಯ, ಆಮೇಲೆ ವಿಮಾನದ ವಿಷಯ. ಚಳಿ ಇತ್ತು, ವಿಮಾನವೂ ಇತ್ತು. ಎರಡೂ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದು ಶನಿವಾರ, ನೆಲದೊಳಗಿನ ಒಂದು ರೈಲು ನಿಲ್ದಾಣ, ಅಲ್ಲಿ ನನ್ನನ್ನು ನಂಬಿ ಬಂದಿದ್ದ ಹೆಂಗಸೊಬ್ಬರನ್ನು ನಾನು ಕಳೆದುಕೊಂಡ ಒಂದು ಗಂಟೆ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಅದು ನನ್ನ ಪ್ರವಾಸವಾಗುವುದಿಲ್ಲ.

ಕೋಲಾರ ಬಸ್ ಸ್ಟ್ಯಾಂಡ್

ನಾನು ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಭೂಗೋಳದ ಮೇಡಂ. ಹದಿನೆಂಟು ವರ್ಷ ಗ್ಲೋಬು ತಿರುಗಿಸಿ ಪಾಠ ಮಾಡಿದ್ದೇನೆಯೇ ಹೊರತು ತಿರುಪತಿಯಿಂದಾಚೆ ಕಾಲಿಟ್ಟವಳಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುತ್ತೂರಿನ ಕಡೆ ರೇಷ್ಮೆಹುಳು ಸಾಕುವುದನ್ನು ನೋಡಲು ಸ್ವೀಡನ್ನಿನಿಂದ ಇಂಗ್ರಿಡ್ ಎಂಬ ಹೆಂಗಸು ಬಂದಾಗ, ಅವಳ ಇಂಗ್ಲಿಷನ್ನು ಕನ್ನಡ ಮಾಡುವುದಕ್ಕೆ ನನ್ನನ್ನು ಕರೆದರು. ಎಂಟು ದಿನ ಊರೂರು ತಿರುಗಿ ಅವಳು ಮೆಚ್ಚಿದ್ದು ವೆಂಕಟಲಕ್ಷ್ಮಮ್ಮನವರ ಹುಳುಮನೆಯನ್ನು. ಮರುವರ್ಷ ಅವಳ ಕಡೆಯ ರೈತ ಹೆಂಗಸರ ಸಂಘದಿಂದ ವೆಂಕಟಲಕ್ಷ್ಮಮ್ಮನವರಿಗೆ ಕರೆ ಬಂತು, ಸಭೆಯಲ್ಲಿ ಹುಳು ಸಾಕುವ ಬಗ್ಗೆ ನಾಲ್ಕು ಮಾತಾಡಬೇಕೆಂದು. ಆ ನಾಲ್ಕು ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನನಗೂ ಬಂತು.

ವೆಂಕಟಲಕ್ಷ್ಮಮ್ಮ ಐವತ್ತು ದಾಟಿದವರು. ಕನ್ನಡ, ತೆಲುಗು ಬಿಟ್ಟರೆ ಮೂರನೆಯ ಭಾಷೆ ಇಲ್ಲ. ಅಕ್ಷರವೂ ಇಲ್ಲ. ನಮ್ಮನ್ನು ಬೆಂಗಳೂರಿನ ಬಸ್ಸು ಹತ್ತಿಸಲು ಅವರ ಗಂಡ ನಾರಾಯಣಪ್ಪ ಕೋಲಾರಕ್ಕೆ ಬಂದಿದ್ದರು. ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ, ಈಯಮ್ಮ ಹೆಗಲ ಮೇಲಿದ್ದ ಕೆಂಪು ಚೌಕುಳಿ ಟವಲನ್ನು ಕಿಟಕಿಯಿಂದ ಒಳಕ್ಕೆಸೆದು, ಇಳಿಯುವವರ ನಡುವೆಯೇ ನುಗ್ಗಿ ಹತ್ತಿಬಿಟ್ಟರು. ನಾನು ಹತ್ತುವಷ್ಟರಲ್ಲಿ ಒಳಗೆ ಜಗಳ.

"ಏಯ್, ಏಳಪ್ಪಾ ಮ್ಯಾಲೆ. ಟವಲ್ ಹಾಕಿರೋದು ಕಾಣಲ್ವಾ ನಿಂಗೆ?"

ಬಿಳಿ ಶರಟಿನ ಆಸಾಮಿ ಗೊಣಗುತ್ತಾ ಎದ್ದ. ನಾನು ಕಿಟಕಿಯ ಪಕ್ಕ ಕೂತೆ.

"ಸೀಟು ಹಿಡ್ದ ಮ್ಯಾಲೆ ಪ್ರಾಣ ಹೋದ್ರೂ ಬಿಡ್ಬಾರ್ದು ಟೀಚರಮ್ಮ," ಎಂದರು ವೆಂಕಟಲಕ್ಷ್ಮಮ್ಮ. ಕಿಟಕಿಯ ಹೊರಗಿದ್ದ ನಾರಾಯಣಪ್ಪ ನಕ್ಕರು. "ಒಂದ್ಸಲ ಹೋಳೂರು ಬಸ್ಸಲ್ಲಿ ನಂಗೆ ಸೀಟು ಹಿಡ್ದು ಕೂತವ್ಳೆ. ನಾನು ಹತ್ತೋಕ್ ಮುಂಚೇನೇ ಬಸ್ ಹೊಂಟೋಯ್ತು. ಇಳೀಬೇಕಾ ಬ್ಯಾಡ್ವಾ? ಕೊನೇ ಊರ್ಗಂಟ ಹೋಗಿ, ಅದೇ ಬಸ್ಸಲ್ಲಿ ವಾಪಸ್ ಬಂದ್ಳು. ನಾನು ಎಲ್ಡು ಗಂಟೆ ಕಳ್ಳೇಕಾಯಿ ತಿನ್ಕೊಂಡು ಇಲ್ಲೇ ನಿಂತಿದ್ದೆ."

"ಹೋದ ಬಸ್ಸು ವಾಪಸ್ ಬರ್ಲೇಬೇಕಲ್ಲಾ?" ಎಂದರು ಈಯಮ್ಮ, ಏನೂ ತಪ್ಪಿಲ್ಲವೆಂಬಂತೆ.

ಬಸ್ಸು ಹೊರಟಾಗ ನಾರಾಯಣಪ್ಪ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದರು. ಆಗ ಮುಖದಲ್ಲಿ ನಗೆ ಇರಲಿಲ್ಲ. "ಟೀಚರಮ್ಮ, ಅವಳ್ಗೆ ಅಲ್ಲಿ ಯಾರೂ ಗೊತ್ತಿಲ್ಲ. ಕರ್ಕೊಂಡ್ ಹೋದಂಗೇ ಕರ್ಕೊಂಡ್ ಬನ್ನಿ."

"ಜಗತ್ತಿನ ನಕ್ಷೇನೇ ಪಾಠ ಮಾಡೋಳು ನಾನು, ನನಗೆ ದಾರಿ ತಪ್ಪುತ್ತಾ?" ಎಂದೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಸೋಲ್ನಾ ಸೆಂಟ್ರುಮ್

ಇಂಗ್ರಿಡ್ ಮನೆ ಇದ್ದದ್ದು ಸೋಲ್ನಾ ಎಂಬಲ್ಲಿ. ಅಲ್ಲಿನ ರೈಲು ನೆಲದೊಳಗೆ ಓಡುತ್ತದೆ. ಬಂಡೆಯನ್ನು ಸಿಡಿಸಿ ನಿಲ್ದಾಣ ಮಾಡಿದ್ದಾರೆ, ಆದರೆ ಗೋಡೆಯನ್ನು ನುಣುಪು ಮಾಡಲು ಹೋಗಿಲ್ಲ. ಉಬ್ಬುತಗ್ಗಿನ ಬಂಡೆಯ ಮೇಲೆಯೇ ಬಣ್ಣ ಬಳಿದಿದ್ದಾರೆ. ಸೋಲ್ನಾದಲ್ಲಿ ಕೆಳಗೆ ಉದ್ದಕ್ಕೂ ಹಸಿರು ಕಾಡು, ಮೇಲೆ ಚಾವಣಿಯೆಲ್ಲ ರಕ್ತಗೆಂಪು. ಮೊದಲ ದಿನ ಏಣಿಮೆಟ್ಟಿಲು ತಾನೇ ಕೆಳಗಿಳಿಯುತ್ತಿರುವಾಗ ನಾನು ಪಕ್ಕದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ವೆಂಕಟಲಕ್ಷ್ಮಮ್ಮ ತಲೆಯೆತ್ತಿ ನೋಡಿ, "ಹೊತ್ತು ಮುಳುಗ್ತಾ ಇರೋಂಗೆ ಬರ್ದವ್ರೆ. ಆದ್ರೆ ಈ ಬಂಡೇಲಿ ಮುಳುಗೋದೇ ಇಲ್ಲ, ಪಾಪ," ಎಂದರು.

ಅಲ್ಲಿನವರ ಎರಡು ಅಭ್ಯಾಸಗಳನ್ನು ಇಲ್ಲೇ ಹೇಳಿಬಿಡಬೇಕು. ರೈಲಿನಲ್ಲಿ ಪರಿಚಯವಿಲ್ಲದವರ ಪಕ್ಕ ಅವರು ಕೂರುವುದಿಲ್ಲ. ಜಾಗವಿದ್ದರೂ ನಿಂತೇ ಹೋಗುತ್ತಾರೆ. ನಮ್ಮಲ್ಲಾದರೆ ಇಬ್ಬರ ಸೀಟಿನಲ್ಲಿ ಮೂವರು ಕೂತು, ನಾಲ್ಕನೆಯವರಿಗೆ "ಸ್ವಲ್ಪ ಜರುಗ್ರೀ" ಅನ್ನುತ್ತೇವೆ. ಇನ್ನೊಂದು, ಉತ್ತರದ ಸೀಮೆಯ ಕೆಲವರು ಹೌದು ಅನ್ನುವುದಕ್ಕೆ ಮಾತೇ ಆಡುವುದಿಲ್ಲ, ಉಸಿರನ್ನು ಗಕ್ಕನೆ ಒಳಗೆಳೆದುಕೊಳ್ಳುತ್ತಾರೆ. ನಮ್ಮ ಕಡೆ ಸಾವಿನ ಸುದ್ದಿ ಕೇಳಿದಾಗ ಹಾಗೆ ಮಾಡುತ್ತಾರೆ. ಇಂಗ್ರಿಡ್‌ಳ ಗಂಡನಿಗೆ ಈ ಅಭ್ಯಾಸವಿತ್ತು. ಕಾಫಿ ಬೇಕೇ ಎಂದು ಕೇಳಿದಾಗಲೆಲ್ಲ ಅವನು ಹಾಗೆ ಮಾಡಿ ನನ್ನನ್ನು ಬೆಚ್ಚಿಬೀಳಿಸುತ್ತಿದ್ದ.

ರೋಡ್‌ಹುಸೆಟ್, ನೆಲದ ಮೇಲೆ

ಶನಿವಾರ ಸಂಜೆ ಐದಕ್ಕೆ ಸಭೆ. ಇಂಗ್ರಿಡ್ ಬೆಳಿಗ್ಗೆಯೇ ಅದರ ಏರ್ಪಾಟಿಗೆ ಹೋಗಬೇಕಿತ್ತು. ನಾವಿಬ್ಬರೇ ಊರು ನೋಡಿಬರುತ್ತೇವೆ ಎಂದೆ. ಅವಳು ಮನೆಯ ವಿಳಾಸವನ್ನು ಎರಡು ಚೀಟಿಗಳಲ್ಲಿ ಬರೆದು, ಒಂದು ನಿಮಗೆ, ಒಂದು ಅವರಿಗೆ ಎಂದು ಕೊಟ್ಟಳು. ಓದು ಬಾರದವರಿಗೆ ಚೀಟಿ ಯಾಕೆಂದು ನಾನು ಎರಡನ್ನೂ ನನ್ನ ವ್ಯಾನಿಟಿ ಬ್ಯಾಗಿಗೇ ಹಾಕಿಕೊಂಡೆ. ಅವರ ಪಾಸ್‌ಪೋರ್ಟೂ ಅದರಲ್ಲೇ ಇತ್ತು. ಚೀಟಿ ಓದಬೇಕಾದವರು ಅವರಲ್ಲ, ದಾರಿಯಲ್ಲಿ ಸಿಕ್ಕವರು ಎಂಬಷ್ಟು ಸಾಮಾನ್ಯಜ್ಞಾನ ಈ ಭೂಗೋಳದ ಮೇಡಂಗೆ ಇರಲಿಲ್ಲ.

ಮೊದಲು ಊರ ನಡುವಿನ ದೊಡ್ಡ ನಿಲ್ದಾಣಕ್ಕೆ ಹೋದೆವು. ಅಲ್ಲಿ ಬಿಳಿ ಬಂಡೆಯ ಮೇಲೆ ನೀಲಿ ಬಳ್ಳಿ ಹಬ್ಬಿಸಿದ್ದಾರೆ. ಇನ್ನೊಂದು ಕಡೆ ಆ ಸುರಂಗ ಕೊರೆದ ಕೂಲಿಯವರದೇ ನೀಲಿ ನೆರಳುಚಿತ್ರಗಳು. ಇವರು ಯಾರು ಎಂದು ವೆಂಕಟಲಕ್ಷ್ಮಮ್ಮ ಕೇಳಿದರು. ಹೇಳಿದೆ. ಅವರು ಅಲ್ಲೇ ನಿಂತುಬಿಟ್ಟರು. "ನಮ್ಮ್ ತಮ್ಮ ಚಿನ್ನದ ಗಣೀಲಿ ಇಪ್ಪತ್ತು ವರ್ಷ ಇಳ್ದ. ಅವನ್ದೊಂದು ಫೋಟೋನೂ ಇಲ್ಲ ಟೀಚರಮ್ಮ." ನಾನು ಆ ಮಾತಿಗೆ ಸರಿಯಾಗಿ ಕಿವಿಗೊಡದೆ, "ಬನ್ನಿ ಬನ್ನಿ, ಹೊತ್ತಾಗುತ್ತೆ," ಎಂದು ಹೊರಡಿಸಿದೆ.

ಅಲ್ಲಿಂದ ಒಂದೇ ನಿಲ್ದಾಣ ಹಿಂದಕ್ಕೆ, ರೋಡ್‌ಹುಸೆಟ್. ಮೇಲೆ ಬಂದರೆ ಕೋಟೆಯಂಥ ಕೋರ್ಟು ಕಟ್ಟಡ, ಸ್ವಲ್ಪ ನಡೆದರೆ ನೀರು, ನೀರಿನಂಚಿಗೆ ಎತ್ತರದ ಗೋಪುರದ ಪುರಭವನ. ಕಲ್ಲು ಹಾಸಿದ ಬೀದಿಯಲ್ಲಿ ಒದ್ದೆ ಎಲೆ ಬಿದ್ದಿತ್ತು. ಗೋಪುರ ನೋಡುತ್ತಾ ನಡೆದ ನಾನು ಜಾರಿ ಕಾಲು ಉಳುಕಿಸಿಕೊಂಡೆ. ವೆಂಕಟಲಕ್ಷ್ಮಮ್ಮ ನಡುಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನ ಬೂಟು ಬಿಚ್ಚಿ, ಕಾಲನ್ನು ಮಡಿಲಿಗಿಟ್ಟುಕೊಂಡು ನೀವಿದರು. ಜನ ನಮ್ಮನ್ನು ಬಳಸಿಕೊಂಡು ಹೋದರು, ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹಸಿವಾಗಿ ಮೂಲೆಯ ತಳ್ಳುಗಾಡಿಯ ಹತ್ತಿರ ನಿಂತೆವು. ಅಗಲವಾದ ತೆಳು ರೊಟ್ಟಿಯೊಳಗೆ ಆಲೂಗಡ್ಡೆ ಹಿಸುಕಿಟ್ಟು ಸುತ್ತಿಕೊಡುತ್ತಾರೆ. "ಪಲ್ಯ ರೊಟ್ಟಿ!" ಎಂದು ವೆಂಕಟಲಕ್ಷ್ಮಮ್ಮನ ಮುಖ ಅರಳಿತು. ಬರಿ ಆಲೂಗಡ್ಡೆ ಸಾಕೆಂದು ಎರಡು ಸಲ ಹೇಳಿದೆ. ಅವನು ಪಾಪ, ಏನೋ ಮರೆತಿದ್ದಾರೆ ಅಂದುಕೊಂಡನೋ ಏನೋ, ಕೊನೆಗೆ ಒಳಗೊಂದು ಬೆರಳುದ್ದದ ಮಾಂಸ ಇಟ್ಟೇ ಸುತ್ತಿದ. ಬೇರೆ ದಿನವಾಗಿದ್ದರೆ ಅವರು ತಿನ್ನುತ್ತಿದ್ದರು, ಬಾಡು ತಿನ್ನುವ ಮನೆಯೇ. ಆದರೆ ಶನಿವಾರ ತಿಮ್ಮಪ್ಪನ ಒಪ್ಪತ್ತು, ದಿನಕ್ಕೆ ಒಂದೇ ಊಟ. ಆ ಒಂದು ಊಟವೂ ಅಲ್ಲಿಗೆ ಹೋಯಿತು.

ಪಕ್ಕದಲ್ಲೇ ಒಂದು ಬೇಕರಿ. ಬಾಗಿಲ ಹತ್ತಿರ ಒಂದು ಡಬ್ಬಿಯಿಂದ ನಂಬರಿನ ಚೀಟಿ ಹರಿದುಕೊಂಡು, ನಂಬರು ಕೂಗುವವರೆಗೆ ಕಾಯಬೇಕು. ತಳ್ಳಾಟವಿಲ್ಲ, ಕೂಗಾಟವಿಲ್ಲ. ನಾನು ಚೀಟಿ ಹಿಡಿದು ನಿಂತೆ. ಕಾಫಿ, ಏಲಕ್ಕಿ ಬನ್ನು ತೆಗೆದುಕೊಂಡು ತಿರುಗಿದರೆ, ಕಿಟಕಿಯ ಪಕ್ಕದ ಮೇಜಿನ ಆಚೆ ಕುರ್ಚಿಯ ಮೇಲೆ ಅದೇ ಕೆಂಪು ಚೌಕುಳಿ ಟವಲ್. ಈಚೆ ಕುರ್ಚಿಯಲ್ಲಿ ವೆಂಕಟಲಕ್ಷ್ಮಮ್ಮ. ವಯಸ್ಸಾದ ಗಂಡಹೆಂಡತಿ ತಟ್ಟೆ ಹಿಡಿದು ನಿಂತು ಆ ಟವಲನ್ನೇ ನೋಡುತ್ತಿದ್ದಾರೆ.

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಕಾಲು ಬೇರೆ ಸಿಡಿಯುತ್ತಿತ್ತು. "ಇದೇನು ಕೋಲಾರದ ಬಸ್ ಸ್ಟ್ಯಾಂಡಾ? ಎಲ್ಲಿ ಹೋದ್ರೂ ಟವಲ್, ಟವಲ್! ಮಾನ ತೆಗೀಬೇಡಿ, ತೆಗೀರಿ ಅದನ್ನ!" ಎಂದುಬಿಟ್ಟೆ. ಭಾಷೆ ತಿಳಿಯದಿದ್ದರೂ ಬೈಗುಳ ಎಲ್ಲರಿಗೂ ತಿಳಿಯುತ್ತದೆ. ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಅವ್ರ್ದು ಕಾಗ್ದ, ನಮ್ದು ಟವಲ್ಲು. ಎಲ್ಡೂ ಒಂದೇ ಅಲ್ವಾ?" ಎಂದು ಮೆಲ್ಲಗೆ ಹೇಳಿ, ಟವಲ್ ಮಡಿಸಿ ಹೆಗಲ ಮೇಲೆ ಹಾಕಿಕೊಂಡರು. ಬನ್ನು ಮುಟ್ಟಲಿಲ್ಲ, ಮೊಟ್ಟೆ ಇರಬಹುದು ಎಂದರು. ಕಾಫಿಯನ್ನೂ ಕುಡಿಯಲಿಲ್ಲ. ಅದಕ್ಕೆ ಕಾರಣ ಹೇಳಲಿಲ್ಲ.

ರೋಡ್‌ಹುಸೆಟ್, ನೆಲದ ಕೆಳಗೆ

ಆ ನಿಲ್ದಾಣ ಕೆಮ್ಮಣ್ಣಿನ ಬಣ್ಣದ ಗುಹೆ. ನಮ್ಮೂರಿನ ಬಾವಿಯೊಳಗೆ ಇಳಿದು ಮೇಲೆ ನೋಡಿದರೆ ಹಾಗೇ ಕಾಣುತ್ತದೆ. ಶನಿವಾರ ಅಂಗಡಿಗಳು ಬೇಗ ಮುಚ್ಚುತ್ತಿದ್ದುದರಿಂದ ಮನೆಗೆ ಹೊರಟವರ ಗುಂಪು ಇತ್ತು. ಎಸ್ಕಲೇಟರ್ ಇಳಿದು ಕಟ್ಟೆಗೆ ಬಂದೆವು. ನಾನು ಕುಂಟುತ್ತಿದ್ದೆ. ಅವರು ಓರೆಗಣ್ಣಿನಲ್ಲಿ ನನ್ನ ಕಾಲನ್ನು ನೋಡುತ್ತಿದ್ದದ್ದು ನನಗೆ ಕಂಡಿತ್ತು.

ರೈಲು ಬಂತು. ಬಾಗಿಲು ತೆರೆಯಿತೋ ಇಲ್ಲವೋ, ಈಯಮ್ಮ ಹೆಗಲಿನಿಂದ ಟವಲ್ ಎಳೆದುಕೊಂಡು, ಚಳಿಗೆಂದು ತೊಟ್ಟಿದ್ದ ಇಂಗ್ರಿಡ್ ಗಂಡನ ಉದ್ದ ಕೋಟನ್ನು ಒಂದು ಕೈಯಲ್ಲಿ ಎತ್ತಿಹಿಡಿದು, ಇಳಿಯುವವರ ನಡುವೆ ನುಗ್ಗಿ ಒಳಗೆ ಹೋಗಿಬಿಟ್ಟರು. ಮತ್ತೆ ಟವಲ್! ಇಷ್ಟು ಹೇಳಿದರೂ! ನನ್ನ ಮೈಯೆಲ್ಲ ಉರಿಯಿತು.

ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಆಗ ಹತ್ತಬಹುದಿತ್ತು. ನಾಲ್ಕು ಹೆಜ್ಜೆ, ಅಷ್ಟೆ. ಬೇಕೆಂದೇ ನಿಧಾನ ಮಾಡಿದೆ. ಜನರೆಲ್ಲ ಹತ್ತಲಿ, ಟವಲ್ ಹಾಕಿಕೊಂಡು ಒಬ್ಬರೇ ನಗೆಪಾಟಲಾಗಲಿ, ಬುದ್ಧಿ ಬರಲಿ ಎಂದು ನಿಂತೆ. ನಮ್ಮ ಬಸ್ಸಿನಲ್ಲಾದರೆ ಕಂಡಕ್ಟರು ಕೊನೆಯವರು ಕಾಲಿಟ್ಟ ಮೇಲೆ ತಾನೇ "ರೈಟ್" ಅನ್ನುವುದು? ಇಲ್ಲಿ ಕಂಡಕ್ಟರಿಲ್ಲ. ಯಾರದೋ ದನಿ ಏನೋ ಹೇಳಿತು, ಬಾಗಿಲು ಮುಚ್ಚಿತು.

ಗಾಜಿನ ಆಚೆ ವೆಂಕಟಲಕ್ಷ್ಮಮ್ಮ ಎದ್ದು ನಿಂತರು. ಒಂದು ಕೈ ಸೀಟಿನ ಮೇಲೆ, ಇನ್ನೊಂದು ಕೈಯಲ್ಲಿ ಗಾಜು ಬಡಿಯುತ್ತಿದ್ದರು. ದನಿ ಕೇಳಿಸಲಿಲ್ಲ, ಬಾಯಿ ಮಾತ್ರ ಕಂಡಿತು. "ಹೋಲ್ಡಾನ್! ಹೋಲ್ಡಾನ್!" ಎನ್ನುತ್ತಿದ್ದರು. ರೈಲು ಗುಹೆಯೊಳಕ್ಕೆ ನುಗ್ಗಿ ಹೋಯಿತು.

ಬ್ಯಾಗು ತೆಗೆದು ನೋಡಿದೆ. ಎರಡು ಚೀಟಿ, ಎರಡು ಪಾಸ್‌ಪೋರ್ಟು, ಎಲ್ಲವೂ ನನ್ನ ಹತ್ತಿರ. ಅವರ ಹತ್ತಿರ ಏನಿದೆ? ಒಂದು ಟವಲ್. ಸಭೆಯಲ್ಲಿ ತೋರಿಸಲೆಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದ ನಾಲ್ಕು ರೇಷ್ಮೆಗೂಡು. ಬೆಳಿಗ್ಗೆಯಿಂದ ಖಾಲಿ ಇರುವ ಹೊಟ್ಟೆ. ಕರ್ಕೊಂಡ್ ಹೋದಂಗೇ ಕರ್ಕೊಂಡ್ ಬನ್ನಿ ಅಂದ ನಾರಾಯಣಪ್ಪನವರ ಬೆರಳು ಕಿಟಕಿಯ ಸರಳಿನ ಮೇಲೆ ಇದ್ದ ಹಾಗೇ ಕಣ್ಣಿಗೆ ಬಂತು. ತಿಮ್ಮಪ್ಪಾ, ಏನು ಮಾಡಿಬಿಟ್ಟೆ ನಾನು!

ಮತ್ತೆ ಸೋಲ್ನಾ

ಸೋಲ್ನಾ ಕಡೆಯ ಮುಂದಿನ ರೈಲು ಹತ್ತು ನಿಮಿಷ ಬಿಟ್ಟು ಬಂತು. ಅಷ್ಟರಲ್ಲಿ ಒಂದು ಯೋಚನೆ ಬಂದಿತ್ತು. ಸೋಲ್ನಾದ ಕೆಂಪು ಬಂಡೆ ಅವರಿಗೆ ಗೊತ್ತು, ಹೆಸರು ಓದುವುದೇನೂ ಬೇಕಿಲ್ಲ. ಅಲ್ಲಿ ಇಳಿದು ನಿಂತಿರುತ್ತಾರೆ. ಪ್ರತಿ ನಿಲ್ದಾಣದಲ್ಲೂ ಗಾಜಿಗೆ ಹಣೆ ಒತ್ತಿ ನೋಡಿದೆ. ಸೋಲ್ನಾದಲ್ಲಿ ಇಳಿದು, ಆ ಕೆಂಪು ಚಾವಣಿಯ ಕೆಳಗೆ ಈ ತುದಿಯಿಂದ ಆ ತುದಿಗೆ ಕುಂಟುತ್ತಾ ಓಡಿದೆ. ಹೆಸರು ಹಿಡಿದು ಕೂಗಿದೆ. ಬಂಡೆ ನನ್ನ ಕೂಗನ್ನೇ ನನಗೆ ಕೊಟ್ಟಿತು. ಅವರು ಇರಲಿಲ್ಲ.

ಮೇಲೆ ಟಿಕೆಟ್ಟಿನ ಗೂಡಿನಲ್ಲಿ ಕೆಂಚು ಮೀಸೆಯ ಒಬ್ಬ ಕೂತಿದ್ದ. ನನ್ನ ಇಂಗ್ಲಿಷು ಅರ್ಧ ಕನ್ನಡವಾಗಿ ಹೊರಬಂತು. ಅವನು ಸಮಾಧಾನವಾಗಿ ಕೇಳಿದ. "ಆ ರೈಲಿನ ಮೇಲೆ ಯಾವ ಊರಿನ ಹೆಸರಿತ್ತು? ಈ ಗೆರೆ ಸೋಲ್ನಾಕ್ಕೆ ಮುಂಚೆಯೇ ಎರಡಾಗಿ ಕವಲೊಡೆಯುತ್ತದೆ."

ನಾನು ನೋಡಿರಲಿಲ್ಲ. ಮಕ್ಕಳಿಗೆ ನಕ್ಷೆ ಓದಲು ಕಲಿಸುವವಳು ರೈಲಿನ ಬೋರ್ಡು ಓದಿರಲಿಲ್ಲ. ಕೋಪದಲ್ಲಿ ನಿಂತವಳಿಗೆ ಬೋರ್ಡು ಎಲ್ಲಿ ಕಾಣಬೇಕು?

ಅವನು ಒಂದು ಕಡೆಯ ಕೊನೆಯ ನಿಲ್ದಾಣಕ್ಕೆ ಫೋನು ಮಾಡಿದ. ಆ ಕಡೆಯವರ ಮಾತು ಕೇಳುತ್ತಾ ಗಕ್ಕನೆ ಉಸಿರನ್ನು ಒಳಗೆಳೆದುಕೊಂಡ. "ಏನಾಯಿತು? ಹೇಳಿ, ಏನಾಯಿತು?" ಎಂದು ಗೂಡಿನ ಗಾಜಿಗೆ ಗುದ್ದಿದೆ. ಏನಿಲ್ಲ, ಹೌದೆಂದೆ ಅಷ್ಟೆ, ಎಂದ. ಅಲ್ಲಿ ಯಾರೂ ಇಳಿದಿರಲಿಲ್ಲ. ಇನ್ನೊಂದು ಕೊನೆಗೆ ಮಾಡಿದ. ಮತ್ತೆ ಅದೇ ಉಸಿರು, ಮತ್ತೆ ನನ್ನ ಗುದ್ದು. ಅಲ್ಲೂ ಹಸಿರು ಸೀರೆಯ ಹೆಂಗಸು ಇಳಿದದ್ದನ್ನು ಯಾರೂ ನೋಡಿರಲಿಲ್ಲ.

ಎರಡೂ ಕೊನೆಯಲ್ಲಿ ಇಳಿದಿಲ್ಲ ಎಂದರೆ ನಡುವೆ ಎಲ್ಲೋ ಇಳಿದು ಮೇಲೆ ಹೋಗಿದ್ದಾರೆ. ಹೊರಗೆ ಮೂರೂವರೆಗೇ ಕತ್ತಲು ಕವಿದಿತ್ತು, ಮಂಜು ಬೀಳುತ್ತಿತ್ತು. ಅವರ ಕಾಲಲ್ಲಿ ಬರೀ ಕ್ಯಾನ್ವಾಸ್ ಶೂ. ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಜೋರಾಗಿ ಅತ್ತುಬಿಟ್ಟೆ. ಆ ಮೀಸೆಯವನು ಗೂಡಿನಿಂದ ಹೊರಗೆ ಬಂದು, ಪಕ್ಕದಲ್ಲಿ ಕೂರದೆ, ಎರಡು ಮಾರು ದೂರದಲ್ಲಿ ನಿಂತ.

"ಆಕೆಯ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?" ಎಂದ.

"ಇಳಿದು ಯಾರನ್ನಾದರೂ ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ."

"ಆಕೆ?"

ಆಕೆ ಇಳಿಯುವುದಿಲ್ಲ. ಸೀಟು ಹಿಡಿದ ಮೇಲೆ ಪ್ರಾಣ ಹೋದರೂ ಇಳಿಯುವುದಿಲ್ಲ! ಹೋದ ಬಸ್ಸು ವಾಪಸ್ ಬರಲೇಬೇಕು. ನಾರಾಯಣಪ್ಪ ಎಲ್ಲಿ ನಿಂತಿದ್ದರು? ಬಸ್ಸು ಬಿಟ್ಟುಹೋದ ಜಾಗದಲ್ಲೇ, ಕಳ್ಳೇಕಾಯಿ ತಿನ್ನುತ್ತಾ. ನಾನು ಯಾಕೆ ಅಲ್ಲಿಂದ ಕದಲಿದೆ? ಆ ಯಪ್ಪನಿಗೆ ಥ್ಯಾಂಕ್ಸ್ ಕೂಡ ಹೇಳದೆ ಕೆಳಗೆ ಓಡಿದೆ.

ಮತ್ತೆ ರೋಡ್‌ಹುಸೆಟ್

ವಾಪಸ್ ಬರುವ ರೈಲುಗಳು ಅದೇ ಕಟ್ಟೆಯ ಇನ್ನೊಂದು ಮಗ್ಗುಲಿಗೆ ಬರುತ್ತವೆ. ಮೊದಲನೆಯದು ಬಂತು. ಒಂದೊಂದೇ ಕಿಟಕಿ ನೋಡಿದೆ. ಟೋಪಿಗಳು, ಉಣ್ಣೆಯ ಕೊರಳುಪಟ್ಟಿಗಳು, ಮಗುವಿನ ಗಾಡಿ. ಅವರಿಲ್ಲ. ರೈಲು ಹೋಯಿತು. ನನ್ನ ಲೆಕ್ಕವೇ ತಪ್ಪಿರಬಹುದು, ನಾನು ಬರುವ ಮೊದಲೇ ಅವರು ದಾಟಿಹೋಗಿರಬಹುದು, ಯಾರಾದರೂ ಗದರಿಸಿ ಇಳಿಸಿರಬಹುದು. ಹತ್ತು ನಿಮಿಷ ಆ ಕೆಮ್ಮಣ್ಣಿನ ಗೋಡೆಯ ಮುಂದೆ ನಿಂತು ಏಳು ಬೆಟ್ಟದ ಒಡೆಯನಿಗೆ ಮುಡಿ ಕೊಡುವ ಹರಕೆಯನ್ನೂ ಹೊತ್ತೆ.

ಎರಡನೆಯ ರೈಲು ಬಂತು. ತುಂಬಿತ್ತು, ಜನ ಕಂಬಿ ಹಿಡಿದು ನಿಂತಿದ್ದರು. ಮೂರನೆಯ ಡಬ್ಬಿಯಲ್ಲಿ, ನಿಂತವರ ತೋಳುಗಳ ನಡುವೆ, ಕೆಂಪು ಚೌಕುಳಿ ಕಂಡಿತು.

ಬಾಗಿಲು ತೆರೆದದ್ದೇ ನಾನು ಇಳಿಯುವವರ ನಡುವೆಯೇ ನುಗ್ಗಿದೆ. ವೆಂಕಟಲಕ್ಷ್ಮಮ್ಮ ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಬಲಗೈ ಪಕ್ಕದ ಸೀಟಿನ ಟವಲಿನ ಮೇಲೆ ಊರಿತ್ತು. ಸುತ್ತ ಅಷ್ಟು ಜನ ನಿಂತಿದ್ದರೂ ಆ ಒಂದು ಸೀಟು ಖಾಲಿ.

"ಬಂದ್ರಾ," ಎಂದರು. "ನೀವು ನಿಂತ್ಕೊಂಡೇ ಇರ್ತೀರಾ ಅಂತ ಗೊತ್ತಿತ್ತು. ಕೊನೇಲಿ ಡ್ರೈವರಪ್ಪ ಬಂದು ಏನೋ ಕೇಳ್ದ. ವಾಪಸ್ ಹೋಗ್ಬೇಕು ಅಂತ ಕೈ ತೋರ್ಸ್ದೆ, ಸುಮ್ನೆ ಹೊಂಟೋದ. ಒಳ್ಳೇ ಜನ ಟೀಚರಮ್ಮ, ಟವಲ್ಗೆ ಮರ್ಯಾದೆ ಕೊಡ್ತಾರೆ. ಒಬ್ರೂ ಕೂತ್ಕಳಿಲ್ಲ." ಹೇಳುತ್ತಾ ಅವರ ಕಣ್ಣಲ್ಲಿ ನೀರು ಬಂತು. ಎಡಗೈಯಲ್ಲಿ ಸೆರಗಿನ ಗಂಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಒಳಗಿನ ಗೂಡುಗಳು ಅಪ್ಪಚ್ಚಿಯಾಗಿದ್ದವು.

ರೈಲು ಹೊರಟಿತ್ತು. ಅದು ಮನೆಯ ಕಡೆ ಹೋಗುವ ರೈಲೂ ಅಲ್ಲ. ನನಗೆ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ.

"ನಾನು ಬೇಕೂಂತಲೇ ಹತ್ತಲಿಲ್ಲ," ಎಂದೆ. "ನಿಮ್ಮ ಮೇಲಿನ ಕೋಪಕ್ಕೆ ನಿಧಾನ ಮಾಡ್ದೆ."

"ಗೊತ್ತು. ಕಿಟಕೀಲಿ ನಿಮ್ಮ್ ಮುಖ ನೋಡ್ದೆನಲ್ಲ."

"ಗೊತ್ತಿದ್ದೂ ಇಷ್ಟು ಹೊತ್ತು ನನಗೆ ಸೀಟು ಹಿಡ್ಕೊಂಡು ಕೂತಿದ್ರಾ?"

ಅವರು ಟವಲನ್ನು ತೆಗೆದು, ಒಂದು ಸಲ ಕೊಡವಿ, ಹೆಗಲ ಮೇಲೆ ಹಾಕಿಕೊಂಡರು.

"ಕೋಪ ಬ್ಯಾರೆ, ಕಾಲ್ನೋವು ಬ್ಯಾರೆ," ಎಂದರು. "ಕೂತ್ಕಳಿ."